ಕೋಡಿ ಬೀಳುವ ಮೊದಲೇ ಬಿಟ್ಟ ಬಾಗಿನ

ಹೆರಗೋಡು, ನಿಟ್ಟೂರು ಹತ್ತಿರ
೨೨ ಆಗಸ್ಟ್ ೨೦೨೩, ಮಂಗಳವಾರ

ಸಾಗರದಲ್ಲಿ ಅಕ್ಕನ ಮನೆಯಲ್ಲಿ ಕಾಲು ಚಾಚಿ ಕೂತಿರುವ ನಮ್ಮ ಯಜಮಾನರಿಗೆ ಹೂವಮ್ಮನ ನಮಸ್ಕಾರ.

ಕಾಲು ಹೇಗಿದೆ? ಪಟ್ಟಿ ಬಿಚ್ಚಿದರಾ? ಮೀನಾಕ್ಷಮ್ಮ ಅತ್ತಿಗೆ ಹೊತ್ತು ಹೊತ್ತಿಗೆ ಎಲ್ಲ ನೋಡಿಕೊಳ್ಳುತ್ತಾರೆ ಅಂತ ಗೊತ್ತು, ಆದರೂ ಕೇಳುವುದು ನನ್ನ ಧರ್ಮ. ಈ ಕಾಲದಲ್ಲಿ ಕಾಗದ ಯಾಕೆ ಬರೆದಳು ಅಂತ ನಗಬೇಡಿ. ನಿಮ್ಮ ಫೋನು ಬೆಳಗ್ಗೆಯೂ ಬಿಜಿ, ಸಂಜೆಯೂ ಬಿಜಿ. ಯಾರ ಜೊತೆ ಅಂತ ನನಗೆ ಗೊತ್ತು. ಡ್ಯಾಮಿನ ತೂಬಿನ ಚಕ್ರ ಎಷ್ಟು ತಿರುಗಿಸಬೇಕು ಅಂತ ದೀಪಶ್ರೀಗೆ ಹೇಳಿಕೊಡಲು ಅಷ್ಟು ಹೊತ್ತು ಬೇಕಾ? ನನ್ನ ಹತ್ತಿರ ಫೋನಿನಲ್ಲಿ "ಹೂಂ, ಇಡು" ಬಿಟ್ಟು ಬೇರೆ ಮಾತು ಆಡಿದವರಲ್ಲ ನೀವು.

ಇವಳಿಗೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತೀರಿ. ಹೌದು, ಇದೆ. ನೀವು ಏರಿಯ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡ ಮೇಲೆ ಪಂಚಾಯಿತಿಯವರು ನಿಮ್ಮ ನೀರು ಬಿಡುವ ಕೆಲಸ ಅವಳಿಗೆ ಕೊಟ್ಟರು. ಕೊಡಲಿ. ಆದರೆ ಎರಡೂ ಕೇರಿಯ ಹೆಂಗಸರು ನಮ್ಮ ಹಿತ್ತಲ ಬಾಗಿಲಿಗೆ ಬಂದು, "ಹೂವಕ್ಕಾ, ಇವತ್ತು ನೀರು ಎಷ್ಟೊತ್ತಿಗೆ ಬತ್ತದೆ?" ಅಂತ ಕೇಳುತ್ತಿದ್ದರಲ್ಲ, ಕೂತು ಕಾಫಿ ಕುಡಿದು ಊರ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದರಲ್ಲ, ಈಗ ಆ ಬಾಗಿಲಿಗೆ ಬರುವುದು ಬೆಕ್ಕು ಮಾತ್ರ. ಎಲ್ಲರೂ ಅವಳ ಜಗಲಿಯಲ್ಲಿ. ಮೇಲಿನಕೇರಿಯವರಂತೂ, "ಗುತ್ಯಪ್ಪಣ್ಣ ಇದ್ದಾಗ್ಲೂ ನಮ್ಗೆ ಇಷ್ಟು ನೀರು ಬರ್ತಿರ್ಲಿಲ್ಲ" ಅಂತ ನನ್ನ ಕಿವಿಗೇ ಬೀಳುವ ಹಾಗೆ ಆಡಿಕೊಂಡರು.

ಅದನ್ನೂ ನುಂಗಿಕೊಂಡೆ. ಬಾಗಿನದ ಮಾತು ಮಾತ್ರ ನುಂಗಲಾಗಲಿಲ್ಲ. ಡ್ಯಾಮು ತುಂಬಿ ಕೋಡಿ ಬಿದ್ದ ದಿನ ನೀರು ಬಿಡುವವರ ಮನೆಯ ಹೆಂಗಸೇ ಬಾಗಿನ ಕೊಡುವುದು ನಮ್ಮೂರ ಪದ್ಧತಿ. ಈ ಮನೆಗೆ ಬಂದಾಗಿನಿಂದ ಕೊಟ್ಟವಳು ನಾನು. ಈ ಸಲ ಅಧ್ಯಕ್ಷ ಮಾರಪ್ಪ, "ಚಕ್ರ ತಿರುಗ್ಸೋಳು ದೀಪಶ್ರೀ, ಅವಳೇ ಕೊಡ್ಲಿ ಬಿಡಿ" ಅಂದನಂತೆ. ಮಳೆ ಕೈಕೊಟ್ಟಿದೆ, ಕೋಡಿಗೆ ಇನ್ನೂ ಒಂದು ಗೇಣು ಬಾಕಿ. ಅಷ್ಟರೊಳಗೆ ನಾನೇ ಕೊಟ್ಟುಬಿಟ್ಟರೆ ಏನು ಮಾಡುತ್ತಾರೆ ನೋಡೋಣ ಅನ್ನಿಸಿತು. ಶ್ರಾವಣದ ಮೊದಲ ಶುಕ್ರವಾರ ಯಾರಿಗೂ ಹೇಳದೆ ಮೊರದಲ್ಲಿ ಅಕ್ಕಿ, ಬಳೆ, ಕಾಯಿ, ರವಿಕೆ ಕಣ ಇಟ್ಟುಕೊಂಡು ಹೋದೆ. ಕಣ ಯಾವುದು ಗೊತ್ತಾ? ದೀಪಶ್ರೀ ತನ್ನ ಮಗಳ ನಾಮಕರಣದಲ್ಲಿ ನನಗೆ ಕೊಟ್ಟ ಹಸಿರುದು. ಒಳ್ಳೆಯದನ್ನು ಯಾಕೆ ನೀರಿಗೆ ಹಾಕಲಿ ಅಂತ. ಕೋಡಿಯ ಹತ್ತಿರ ಕೆಸರು, ನಿಮ್ಮ ಹಾಗೆ ಜಾರಿಬಿದ್ದರೆ ನೋಡುವವರು ಯಾರು ಅಂತ ತೂಬಿನ ಮೆಟ್ಟಿಲಲ್ಲೇ ನಿಂತು ನೀರಿಗೆ ಬಿಟ್ಟುಬಂದೆ. ಕೋಡಿ ಬಿದ್ದಿದ್ದರೆ ಬಾಗಿನ ನೀರಿನ ಜೊತೆ ದಾಟಿ ಹಳ್ಳಕ್ಕೆ ಹೋಗುತ್ತದೆ. ಬೀಳದೇ ಇದ್ದರೆ ಅದು ಎಲ್ಲಿಗೆ ಹೋಗಬೇಕು? ಹೊಟ್ಟೆಕಿಚ್ಚಿನಲ್ಲಿ ಅಷ್ಟು ಯೋಚನೆ ಬರಲಿಲ್ಲ.

ಭಾನುವಾರ ಮೇಲಿನಕೇರಿಗೆ ನೀರು ನಿಂತಿತು. ನಿನ್ನೆ ನಾಗರಪಂಚಮಿ. ಹಬ್ಬದ ದಿನ ಸ್ನಾನಕ್ಕೆ ನೀರಿಲ್ಲ ಅಂತ ಹೆಂಗಸರೆಲ್ಲ ಅವಳ ಮನೆ ಮುಂದೆ ಖಾಲಿ ಕೊಡ ಕುಕ್ಕಿ ಬಾಯಿಗೆ ಬಂದ ಹಾಗೆ ಬೈದರು. ನಿಜ ಹೇಳುತ್ತೇನೆ, ಕೇಳಲು ಹಿತವಾಗಿತ್ತು. ಸಂಜೆ ಅವಳು ನಮ್ಮ ಹಿತ್ತಲಿಗೆ ಬಂದಳು, ಸೀರೆಯೆಲ್ಲ ಒದ್ದೆ. ಕೈಯಲ್ಲಿ ನನ್ನ ಮೊರ, ಅದರ ಮೇಲೆ ಒಗೆದು ಹಿಂಡಿದ ಹಸಿರು ಕಣ. "ತೂಬಿನ ಜಾಲರಿಗೆ ಕಚ್ಕೊಂಡಿತ್ತು ಹೂವಕ್ಕಾ. ದೋಟಿ ಹಾಕಿ ಎಳ್ದೆ. ಯಾರಿಗೂ ಹೇಳಿಲ್ಲ, ಹೇಳೂದೂ ಇಲ್ಲ" ಅಂದಳು. ಬೈದಿದ್ದರೆ ನಾನೂ ನಾಲ್ಕು ಬೈದು ಹಗುರಾಗುತ್ತಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ಮೀರಿಸಬೇಕಾ ಅವಳು? ರಾತ್ರಿ ಅನ್ನ ಸೇರಲಿಲ್ಲ ನನಗೆ.

ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ಹಟ ಮಾಡಿ ಎದ್ದು ಓಡಾಡಬೇಡಿ. ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ, ಮಕ್ಕಳಿಗೆ ಆಶೀರ್ವಾದ.

ನಿಮ್ಮ
ಹೂವಮ್ಮ

ತಾ.ಕ.: ಸಾಗರದ ಬಸ್ಸು ಹಾರ್ನ್ ಹೊಡೆಯುತ್ತಿದೆ, ಕಂಡಕ್ಟರ್ ಕೈಯಲ್ಲೇ ಕೊಡುತ್ತಿದ್ದೇನೆ. ನಾಳೆ ಪಂಚಾಯಿತಿ ಮೀಟಿಂಗು. ಹಬ್ಬಕ್ಕೆ ನೀರು ಕೊಡಲಿಲ್ಲ ಅಂತ ದೀಪಶ್ರೀಯನ್ನು ಕೆಲಸದಿಂದ ತೆಗೆಯುತ್ತಾರಂತೆ. ಅವಳು ಬಾಯಿ ಬಿಡುವವಳಲ್ಲ, ನನ್ನ ಬಾಯಿಂದ ಹೊರಡುವುದಿಲ್ಲ. ಇವತ್ತೇ ಮಾರಪ್ಪನಿಗೆ ನೀವು ಫೋನು ಮಾಡಿ ಹೇಳಿಬಿಡಿ, ತೂಬಿಗೆ ಕಚ್ಚಿಕೊಂಡು ನೀರು ತಡೆದ ಮೊರ ನಮ್ಮ ಮನೆಯದು ಅಂತ. ಅವಳೂ ಹೋದರೆ ನಾನು ಯಾರನ್ನು ನೋಡಿ ಹೊಟ್ಟೆ ಉರಿದುಕೊಳ್ಳಲಿ?