ಕುದ್ರಿಗೆ ಕರೆಂಟ್ ಬೇಡವೆಂದವರು

ಬೈಂದೂರು
ಮಾರ್ಚ್ 11, ಬುಧವಾರ

ಚಿಮಣಿ ಇಕೋ ಲಾಡ್ಜಿನ ಮಾಲೀಕರೂ, ಕಾಗದಪತ್ರಗಳ ಪ್ರಕಾರ ಇಂದಿಗೂ ನನ್ನ ಗಂಡನೂ ಆದ ಶ್ರೀ ರಾಜೀವ ಶೆಟ್ಟರಿಗೆ ವಿನಯಾ ಮಾಡುವ ನಮಸ್ಕಾರಗಳು.

ಈ ಮೂಲಕ ತಮಗೂ, ತಮ್ಮ ಮುಖಾಂತರ ಸಮಸ್ತ ಲೋಕಕ್ಕೂ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ, ತಮ್ಮ ಲಾಡ್ಜಿನ ಮೂರನೇ ನಂಬರ್ ಗುಡಿಸಲಿನ ಬಚ್ಚಲಲ್ಲಿರುವ ತಾಮ್ರದ ಚೆಂಬು ಸೋರುತ್ತದೆ. ಹಂಡೆಯಿಂದ ಮೊಗೆದ ನೀರು ತಲೆಗೆ ಮುಟ್ಟುವ ಮೊದಲೇ ಕಾಲಿಗೆ ಮುಟ್ಟಿರುತ್ತದೆ. ಎರಡು ದಿನ ನಾನು ಮೊಣಕಾಲಿನಿಂದ ಕೆಳಗೆ ಬಹಳ ಶುದ್ಧವಾಗಿದ್ದೆ. ಪಕ್ಕದ ಗುಡಿಸಲಿನ ಪೂಜಿತಾಗೆ ಈ ದೂರು ಹೇಳಿದರೆ, ಪುಣೆಯಿಂದ ಗಂಡನ ಜೊತೆ ಬಂದಿದ್ದ ಆ ಹುಡುಗಿ ಕಣ್ಣರಳಿಸಿ, "ಅದು ಬೇಕೆಂದೇ ಇಟ್ಟದ್ದು ಆಂಟಿ, ನೀರಿನ ಬೆಲೆ ತಿಳಿಯಲಿ ಅಂತ" ಎಂದಳು. ತಮ್ಮ ವ್ಯಾಪಾರ ಕೆಡುವುದಿಲ್ಲವೆಂದು ನನಗೆ ಆಗಲೇ ಖಾತ್ರಿಯಾಯಿತು.

ಎದುರಿನವರಿಗೆ ಗೊತ್ತಿರುವುದನ್ನೇ ಮೊದಲು ಬರೆಯುವುದು ನಮ್ಮ ಅರ್ಜಿಗಳ ಪದ್ಧತಿ. ಆದ್ದರಿಂದ ಪೂರ್ವಾಪರ. ಕುಂದಾಪುರದ ಹೊಳೆಯ ನಡುವೆ, ಸುತ್ತ ಉಪ್ಪುನೀರು, ಮಧ್ಯೆ ಎರಡೆಕರೆ ತೆಂಗು ಇರುವ ದ್ವೀಪ ಸಣ್ಣಕುದ್ರು. ತಮ್ಮ ಮನೆತನದಲ್ಲಿ ನೆಲ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬರುವುದರಿಂದ ಅದು ತಮ್ಮ ಅಕ್ಕ ಜಲಜತ್ತಿಗೆಯದು. ಬೊಂಬಾಯಿಯ ಹೋಟೆಲು ಮುಚ್ಚಿ ತಾವು ಊರು ಸೇರಿದಿರಿ. ನಾಲ್ಕು ವರ್ಷದ ಹಿಂದೆ ನಾನು ಕುದ್ರಿನಿಂದ ದೋಣಿ ಹತ್ತಿದೆ. ಕಾರಣ ಇಬ್ಬರಿಗೂ ಗೊತ್ತು, ಅದಕ್ಕೆ ಪ್ರತ್ಯೇಕ ಅರ್ಜಿ ಬೇಕು. ಬೈಂದೂರಿಗೆ ಬಂದು ತಾಲೂಕು ಕಚೇರಿಯ ಎದುರು ಒಂದು ಮೇಜು ಹಾಕಿ, ಜನರ ಕಷ್ಟಗಳನ್ನು ಒಳ್ಳೆಯ ಕನ್ನಡದಲ್ಲಿ ಬರೆದುಕೊಡತೊಡಗಿದೆ. ನಾನು ಹೊರಟು ಖಾಲಿಯಾದ ಜಾಗದಲ್ಲಿ ತಾವು ನಾಲ್ಕು ಗುಡಿಸಲು ಕಟ್ಟಿದಿರಿ. ಒಬ್ಬಳು ಹೆಂಡತಿ ಇಷ್ಟೊಂದು ಜಾಗ ಹಿಡಿದುಕೊಂಡಿರುತ್ತಾಳೆಂದು ನನಗೇ ಗೊತ್ತಿರಲಿಲ್ಲ.

ಕಳೆದ ತಿಂಗಳು ತಾವೇ ಫೋನ್ ಮಾಡಿ, "ಎರಡ್ ದಿನ ಬಂದ್ ಉಳ್ಕೊ ಮರಾಯ್ತಿ, ಲಾಡ್ಜಿನ ಬಗ್ಗೆ ಚೆಂದ ಮಾಡಿ ಎರಡ್ ಪುಟ ಬರ್ದ್ ಕೊಡ್, ನಿನ್ ಭಾಷಿ ಲಾಯ್ಕ್ ಇತ್ತಲೆ" ಎಂದಿರಿ. ತಾವು ಗೋವಾದ ಪ್ರವಾಸೋದ್ಯಮ ಮೇಳಕ್ಕೆ ಹೋಗುವ ವಾರವನ್ನೇ ನಾನು ಆರಿಸಿಕೊಂಡೆ. ಇದೇ ಆ ಎರಡು ಪುಟ. ಸ್ವಲ್ಪ ಹೆಚ್ಚಾದರೆ ಕ್ಷಮಿಸಬೇಕು.

ಶನಿವಾರ ಬೆಳಿಗ್ಗೆ ವೆಂಕಟನ ದೋಣಿ ಕುದ್ರಿಗೆ ತಾಗುತ್ತಿದ್ದಂತೆ ತಮ್ಮ ಮ್ಯಾನೇಜರ್ ಸುಜಿತ್ ಎಳನೀರು ಕೊಟ್ಟು, ನಮ್ಮ ಫೋನುಗಳನ್ನು ಬೆತ್ತದ ಬುಟ್ಟಿಗೆ ಹಾಕಿಸಿಕೊಂಡ. ತಲೆಯ ಮೇಲೆ ತಮ್ಮ ಹಲಗೆ: "ಇಲ್ಲಿ ಕರೆಂಟ್ ಇಲ್ಲ, ಬದುಕು ಇದೆ." ಬಹಳ ಚೆನ್ನಾಗಿದೆ. ಹಲಗೆಯ ಹಿಂದೆ ತೆಂಗಿನ ಮಡಲಿನ ತಟ್ಟಿ, ತಟ್ಟಿಯ ಹಿಂದೆ ಜನರೇಟರ್, ಜನರೇಟರಿಗೆ ಅಂಟಿಕೊಂಡು ಬಿಯರ್ ತುಂಬಿದ ಫ್ರಿಜ್ಜು ಮತ್ತು ತಮ್ಮ ಕೋಣೆಯ ಫ್ಯಾನು. ಪೂಜಿತಾಳ ಗಂಡ ಕೌಶಲ್, ಆ ಗುರ್ರ್ ಸದ್ದು ಏನೆಂದು ಕೇಳಿದಾಗ ಸುಜಿತ್ ಮುಖದ ಒಂದು ಕೂದಲೂ ಅಲುಗಿಸದೆ, "ಅದು ಒಂದು ಜಾತಿಯ ಕಪ್ಪೆ ಸರ್, ಈ ಕುದ್ರಲ್ಲಿ ಮಾತ್ರ ಕಾಣಸಿಗುವುದು" ಎಂದ. ಕೌಶಲ್ ಅದನ್ನು ಡೈರಿಯಲ್ಲಿ ಬರೆದುಕೊಂಡ.

ಆದರೆ ತಮ್ಮ ಲಾಡ್ಜಿನ ಮುಖ್ಯ ಆಕರ್ಷಣೆ ಕಪ್ಪೆಯಲ್ಲ, ಅಕ್ಕ. ಕಾರ್ಯಕ್ರಮ ಪಟ್ಟಿಯಲ್ಲಿ ಬೆಳಿಗ್ಗೆ ಹತ್ತಕ್ಕೆ "ಅಜ್ಜಿಯ ಕಲ್ಲು: ಒಂದು ಅನುಭವ" ಎಂದಿದೆ. ಅರವತ್ತೆಂಟರ ಜಲಜತ್ತಿಗೆ ಮಣೆ ಹಾಕಿ ಕೂತು ಹತ್ತು ಜನರ ಮೀನಿನ ಮಸಾಲೆ ಅರೆಯುತ್ತಾರೆ. ಅತಿಥಿಗಳು ಸುತ್ತ ಕೂತು ಅನುಭವಿಸುತ್ತಾರೆ. ಅತ್ತಿಗೆಯ ಬಲಗೈ ಈಗ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಮೂರನೇ ಕ್ಲಾಸಿನವರೆಗೆ ಓದಿ ಸಹಿ ಹಾಕುವುದೆಂದರೆ ಜಂಭ ಪಡುತ್ತಿದ್ದ ಅವರ ಬೆರಳುಗಳಿಗೆ ಪೆನ್ನು ಹಿಡಿಯಲು ಬಲ ಸಾಲದೆ ಈಗ ಹೆಬ್ಬೆಟ್ಟು ಒತ್ತುತ್ತಾರೆ. ಪೂಜಿತಾ ಹತ್ತಿರ ಸರಿದು, "ಅಜ್ಜೀ, ಹೀಗೆ ಅರೆಯುವಾಗ ನಿಮ್ಮ ಒಳಗೆ ಏನನ್ನಿಸುತ್ತದೆ?" ಎಂದು ಕೇಳಿದಳು. ಅತ್ತಿಗೆ ಬೆರಳಿನಿಂದ ನೆಕ್ಕಿ ನೋಡಿ, "ಹುಣ್ಸಿಹಣ್ ಕಮ್ಮಿ ಆಯ್ತ್ ಅನ್ಸುತ್ತ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಮಹಿಳಾ ದಿನವೆಂದು, ಕಲ್ಲಿನ ಮೇಲೆ ಬಗ್ಗಿದ ಅತ್ತಿಗೆಯ ಫೋಟೋದ ಕೆಳಗೆ "ಸ್ವಾವಲಂಬಿ ನಾರಿ" ಎಂದು ಹಾಕಲು ಸುಜಿತ್‌ಗೆ ಗೋವಾದಿಂದ ತಾವೇ ಹೇಳಿದಿರಂತೆ. ತಮ್ಮ ಕಾಳಜಿ ದೊಡ್ಡದು.

ಆ ಸ್ವಾವಲಂಬಿ ನಾರಿಯ ಅಟ್ಟದಲ್ಲಿ ಅಕ್ಕಿಚೀಲದೊಳಗೆ ಒಂದು ಮಿಕ್ಸಿ ಇರುವುದು ತಮಗೆ ಗೊತ್ತೇ ಇದೆ. ಹನ್ನೊಂದು ವರ್ಷದ ಹಿಂದೆ ಬೀಜಾಡಿಯ ಮಹಿಳಾ ಸಂಘದ ಲಕ್ಕಿಡಿಪ್ಪಿನಲ್ಲಿ ಬಂದದ್ದು. ಪ್ರತಿ ಶುಕ್ರವಾರ ಇಳಿಸಿ, ಒರೆಸಿ, ಜಾರಿನ ಮುಚ್ಚಳ ಕೂರುತ್ತದೋ ಎಂದು ನೋಡಿ ಮತ್ತೆ ಕಟ್ಟಿಡುತ್ತಾರೆ. ಕುದ್ರಿಗೆ ಕರೆಂಟ್ ಬಂದ ದಿನ ಅದು ತಿರುಗಬೇಕು. ಅವರಿಗೆ ಬೇರೆ ಆಸೆಗಳಿಲ್ಲ. ಜನರೇಟರಿಗೆ ಸಿಕ್ಕಿಸಿದರೆ ಆಗದೇ ಎಂದು ನಾನು ಕೇಳಿದೆ. "ಮಿಕ್ಸಿ ಹಾಕ್ರೆ ಜನರೇಟರ್ ಹೊಟ್ಟುತ್ತ್ ಅಂದಿದ ರಾಜೀವ. ಹೊಟ್ಟಿ ಗೆಸ್ಟಿಗೆ ತಾಗ್ರೆ ಎಂತ ಮಾಡುದ್?" ಎಂದರು. ಬಿಯರ್ ಫ್ರಿಜ್ಜಿಗೆ ಸಿಡಿಯದ ಜನರೇಟರು ತೆಂಗಿನಕಾಯಿ ಚಟ್ನಿಗೆ ಹೊಟ್ಟುವ ಈ ವಿಜ್ಞಾನವನ್ನು ತಾವು ಬೊಂಬಾಯಿಯಲ್ಲಿ ಕಲಿತಿರಬೇಕು.

ಶನಿವಾರ ಮೂರ್ಸಂಜೆ ಅತ್ತಿಗೆ ನನ್ನ ಗುಡಿಸಲಿಗೆ ಚಿಮಣಿ ದೀಪ ಹಿಡಿದುಕೊಂಡು ಬಂದು, ಸೆರಗಿನಿಂದ ಒಂದು ಲಕೋಟೆ ತೆಗೆದರು. ಕರೆಂಟ್ ಆಫೀಸಿನದ್ದು. ಹೋದ ತಿಂಗಳು ವೆಂಕಟ ತಂದುಕೊಟ್ಟಿದ್ದನಂತೆ. "ರಾಜೀವನ ಹತ್ರ ಓದ್ಸುವ ಅಂದ್ರೆ ಅವ್ನಿಗೆ ಪುರ್ಸೊತ್ತೇ ಇಲ್ಲೆ. ನೀ ಬತ್ತೆ ಅಂದ್ರಲೆ, ಅದ್ಕೇ ಇಟ್ಕಂಡೆ. ಒಳ್ಳೆ ಸುದ್ದಿ ಲಾಯ್ಕ್ ಓದುವರ ಹತ್ರವೇ ಓದ್ಸ್ಕ್" ಎಂದರು.

ಓದಿದೆ. ಹೊಳೆಯಾಚೆಯ ಎರಡೂ ಕುದ್ರುಗಳಿಗೆ ಕರೆಂಟ್ ಮಂಜೂರಾಗಿತ್ತು, ಆದರೆ ಸಣ್ಣಕುದ್ರಿನ ಮಾಲೀಕರು ತಮಗೆ ಬೇಡವೆಂದು ಬರೆದುಕೊಟ್ಟದ್ದರಿಂದ ಕಂಬಗಳನ್ನು ದೊಡ್ಡಕುದ್ರಿಗೆ ಮಾತ್ರ ಹಾಕಲಾಗುವುದು, ಮನಸ್ಸು ಬದಲಾದರೆ ಮಾಲೀಕರು ಖುದ್ದಾಗಿ ಮಾರ್ಚ್ 9ರ ಒಳಗೆ ಬಂದು ತಿಳಿಸತಕ್ಕದ್ದು. ಜೊತೆಗೆ ಆ ಬೇಡದ ಅರ್ಜಿಯ ಪ್ರತಿ. "ಚಿಮಣಿಯ ಬೆಳಕಿನಲ್ಲಿ ಕಣ್ಣು ತೆರೆದವಳು ನಾನು. ಅದೇ ಬೆಳಕಿನಲ್ಲಿ ಕಣ್ಣು ಮುಚ್ಚುವ ಆಸೆಗೆ ತಾವು ಅಡ್ಡಿಯಾಗಬಾರದಾಗಿ ವಿನಂತಿ." ಕೆಳಗೆ ಅತ್ತಿಗೆಯ ಹೆಬ್ಬೆಟ್ಟು.

ಎಷ್ಟು ಚೆಂದದ ಸಾಲು ನೋಡಿ. ಚೆಂದ ಇರಲೇಬೇಕು, ಬರೆದದ್ದು ನಾನು.

ನವೆಂಬರಿನಲ್ಲಿ ಸುಜಿತ್ ನನ್ನ ಮೇಜಿಗೆ ಬಂದು, "ಹೊಳಿ ಆಚಿ ಒಬ್ರ್ ಅಜ್ಜಿಗೆ ಕರೆಂಟ್ ಬ್ಯಾಡ ಅಂಬ್ರ್ ಅಕ್ಕ, ಓದ್ದರ್ ಕಣ್ಣಲ್ ನೀರ್ ಬಪ್ಪ ಹಾಂಗೆ ಬರಿನಿ" ಎಂದಿದ್ದ. ಅವನು ತಮ್ಮ ಮ್ಯಾನೇಜರ್ ಎಂದು ನನಗೇನು ಗೊತ್ತು? ನಮ್ಮ ಕಸುಬಿನಲ್ಲಿ ಯಾರು, ಏಕೆ ಎಂದು ಕೇಳುವ ರೂಢಿಯಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟುಕೊಡುತ್ತೇವೆ, ಅವರವರು ತುಂಬಿಕೊಳ್ಳುತ್ತಾರೆ. ಬರೆದು ಮುಗಿಸಿ ಪಕ್ಕದ ಮೇಜಿನ ಟೈಪಿಸ್ಟ್ ಲೀಲಾಧರನಿಗೆ ಓದಿ ಹೇಳಿದ್ದೆ, ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದ. ಅದನ್ನೇ ಸುಜಿತ್ ಕುದ್ರಿಗೆ ಒಯ್ದು, ಕರೆಂಟ್ ಬೇಕೆನ್ನುವ ಅರ್ಜಿ ಇದು ಎಂದು ಹೇಳಿ ಅತ್ತಿಗೆಯ ಹೆಬ್ಬೆಟ್ಟು ಹಾಕಿಸಿಕೊಂಡಿದ್ದಾನೆ. ಅವನಿಗೆ ಹಾಗೆ ಹೇಳಿಕೊಟ್ಟವರು ಯಾರೆಂದು ನಾನು ಬರೆಯುವುದಿಲ್ಲ. ಗೋವಾದಲ್ಲಿ ಸೆಖೆ ಹೇಗಿದೆ?

"ಎಂತ ಬರ್ದಿರ್?" ಎಂದು ಅತ್ತಿಗೆ ಕೇಳಿದರು. ನಾನು ಕಾಗದದ ಮೇಲೆ ಕಣ್ಣಿಟ್ಟುಕೊಂಡೇ, ಕಂಬ ಬರುತ್ತದಂತೆ, ಸ್ವಲ್ಪ ತಡವಂತೆ ಎಂದು ಓದಿದೆ. ಅವರು ಎದ್ದು ಹೋಗಿ ಮಿಕ್ಸಿಯ ಸಣ್ಣ ಜಾರು ತಂದು, "ಇದ್ ಚಟ್ನಿಗಾ, ಒಣಮಸಾಲಿಗಾ?" ಎಂದು ನನ್ನ ಕೈಯಲ್ಲಿ ಕೊಟ್ಟರು. ಚಟ್ನಿಗೆ ಎಂದೆ.

ಭಾನುವಾರ ಬೆಳಿಗ್ಗೆ ಕಲ್ಲಿನ ಮುಂದೆ ಅವರು ಮಣೆ ಹಾಕಿ ಕೂರುವಾಗ ನನ್ನಿಂದ ತಡೆಯಲಾಗಲಿಲ್ಲ. ಗಡುವಿಗೆ ಒಂದೇ ದಿನ ಉಳಿದಿತ್ತು, ಅವರ ಹೆಬ್ಬೆಟ್ಟು ಬೇಕಿತ್ತು, ಸುಳ್ಳು ಹೇಳಿ ಎರಡನೇ ಸಲ ಹೆಬ್ಬೆಟ್ಟು ತೆಗೆದುಕೊಳ್ಳಲು ನಾನೇನು ಸುಜಿತ್ತೇ? ಬೇಡದ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಯಾರು ತಂದದ್ದು, ಯಾರು ಬರೆದದ್ದು, ಎಲ್ಲ ಹೇಳಿದೆ. ಅನುಭವಕ್ಕೆ ಬಂದು ಕೂತ ಪುಣೆಯ ಜೋಡಿ, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಭಕ್ತಿಯಿಂದ ಕೇಳಿತು.

ಅತ್ತಿಗೆ ಕೈ ತೊಳೆದರು. ಅಟ್ಟದಿಂದ ಚೀಲ ಇಳಿಸಿಕೊಂಡು ತಟ್ಟಿಯ ಹಿಂದೆ ಹೋದರು. ಬಿಯರಿನ ಫ್ರಿಜ್ಜಿನ ಪ್ಲಗ್ಗು ಕಿತ್ತು ಮಿಕ್ಸಿಯದು ಸಿಕ್ಕಿಸಿದರು. ಹನ್ನೊಂದು ವರ್ಷ ಸುಮ್ಮನೆ ಕೂತಿದ್ದ ಯಂತ್ರ ಒಮ್ಮೆ ಕೆಮ್ಮಿ, ಆಮೇಲೆ ಇಡೀ ಹೊಳೆಗೆ ಕೇಳುವ ಹಾಗೆ ಕಿರುಚಿತು. ಜನರೇಟರು ಹೊಟ್ಟಲಿಲ್ಲ. ಓಡಿ ಬಂದ ಕೌಶಲ್, "ಅಜ್ಜೀ, ಅದೇನು ಸದ್ದು?" ಎಂದ. ಅತ್ತಿಗೆ ಮುಚ್ಚಳ ಒತ್ತಿ ಹಿಡಿದುಕೊಂಡೇ, "ಕಪ್ಪಿ. ಇದ್ ಹೆಣ್ ಕಪ್ಪಿ" ಎಂದರು.

ಸುಜಿತ್ ತಮಗೆ ಫೋನ್ ಮಾಡಲು, ತನ್ನ ಫೋನೂ ಇದ್ದ ಬುಟ್ಟಿಗೆ ಕೈ ಹಾಕಿದ. "ಮುಟ್ಟಬ್ಯಾಡ. ಇಲ್ಲಿ ಫೋನ್ ಇಲ್ಲ, ಬದ್ಕ್ ಇತ್ತ್" ಎಂದು ಅತ್ತಿಗೆ ಬುಟ್ಟಿಯನ್ನೇ ಎತ್ತಿಕೊಂಡು ಒಳಗಿಟ್ಟು ಚಿಲಕ ಹಾಕಿದರು. ಸೋಮವಾರದವರೆಗೆ ತಾವು ಮಾಡಿದ ಕರೆಗಳಿಗೆ ಉತ್ತರ ಬಾರದ ಕಾರಣ ಇಷ್ಟೇ. ನೆಟ್‌ವರ್ಕಿನದ್ದು ತಪ್ಪಿಲ್ಲ.

ಆಮೇಲಿನದು ಚುಟುಕಾಗಿ. ನಾನು ಹೊಸ ಅರ್ಜಿ ಬರೆದೆ. ಕಣ್ಣೀರು ಬರುವಂಥದ್ದು ಏನೂ ಇಲ್ಲ, ಎರಡೇ ಸಾಲು: ಮೊದಲಿನ ಅರ್ಜಿಯಲ್ಲಿ ಏನು ಬರೆದಿದೆಯೆಂದು ನನಗೆ ತಿಳಿಸಿರಲಿಲ್ಲ, ನನಗೆ ಕರೆಂಟ್ ಬೇಕು. ಅತ್ತಿಗೆ ಹೆಬ್ಬೆಟ್ಟು ಒತ್ತಿದರು. ಸೋಮವಾರ ವೆಂಕಟನ ದೋಣಿಯಲ್ಲಿ ದಾಟಿ, ಇಬ್ಬರೂ ಆಫೀಸಿಗೆ ಹೋಗಿ, ಮುದ್ರೆ ಹಾಕಿಸಿಕೊಂಡು ಬಂದೆವು. ನಾಳೆ ಗುರುವಾರ ಜಾಗ ಗುರುತು ಮಾಡಲು ಜನ ಬರುತ್ತಾರೆ. ಹೊಳೆ ದಾಟುವ ತಂತಿಗೆ ಎತ್ತರದ ಕಂಬ ಬೇಕಂತೆ. ಅದು ಒಂದನೇ ನಂಬರ್ ಗುಡಿಸಲಿನ ಎದುರು, ತಾವು ಸೂರ್ಯಾಸ್ತ ತೋರಿಸುವ ಜಾಗದಲ್ಲೇ ನಿಲ್ಲಬಹುದು. ಸೂರ್ಯನಿಗೆ ಅದರಿಂದ ತೊಂದರೆಯಿಲ್ಲ.

ಅತ್ತಿಗೆ ತಮ್ಮನ್ನು ಕುದ್ರು ಬಿಟ್ಟು ಓಡಿಸುತ್ತಾರೆಂದು ಹೆದರಬೇಡಿ. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ಅವ್ನ್ ಲಾಡ್ಜ್ ಮಾಡ್ಲಿ, ನಾ ಬ್ಯಾಡ ಅಂತಿಲ್ಲೆ. ಗೆಸ್ಟಿಗೆ ಕಲ್ಲಲ್ ಅರ್ದದ್ದೇ ಬೇಕಾರೆ ಅವ್ನೇ ಕೂತ್ಕಂಡ್ ಅರೀಲಿ. ಫೋಟೋ ನಾ ತೆಗಿತೆ." ಕರೆಂಟ್ ಇಲ್ಲವೆನ್ನುವ ತಮ್ಮ ಹಲಗೆಯನ್ನು ವೆಂಕಟನ ಕೈಯಲ್ಲಿ ಇಳಿಸಿ, ಅಡುಗೆಮನೆಯಲ್ಲಿ ಮಿಕ್ಸಿ ಇಡುವುದಕ್ಕೆ ಹೊಡೆಸಿದ್ದಾರೆ. ಅಕ್ಷರ ಮೇಲ್ಮುಖವಾಗಿದೆ. ತಮಗೆ ಅರೆಯುವಾಗ ಓದಲು ಸಿಗುತ್ತದೆ.

ಗೋವಾದಿಂದ ಬರುವಾಗ ಭುಜಕ್ಕೆ ಹಚ್ಚುವ ಎಣ್ಣೆ ತನ್ನಿ. ಎರಡು ಬಾಟಲಿ. ಒಂದು ಅಕ್ಕನಿಗೆ, ಒಂದು ತಮಗೆ.

ಇಂತಿ ತಮ್ಮ
(ಈ ಜಾಗ ಖಾಲಿ ಬಿಟ್ಟಿದ್ದೇನೆ, ಬೇಕಾದ್ದು ತುಂಬಿಕೊಳ್ಳಿ)
ವಿನಯಾ

ತಾ.ಕ.: ಮೇಲೆ ಒಂದು ಕಡೆ ಸುಳ್ಳು ಬರೆದಿದ್ದೇನೆ, ಭಾನುವಾರ ಅತ್ತಿಗೆಗೂ ಅದನ್ನೇ ಹೇಳಿದ್ದೆ. ಅರ್ಜಿಯಲ್ಲಿ ಹೆಸರಿನ ಜಾಗ ಖಾಲಿ ಇರಲಿಲ್ಲ. ಸುಜಿತ್ ಕುದ್ರಿನ ಹೆಸರೂ ಹೇಳಿದ್ದ, ಅಜ್ಜಿಯ ಹೆಸರೂ ಹೇಳಿದ್ದ. ನಾನೇ ಬರೆದೆ, ಜಲಜ ಎಂದು, ದುಂಡಗೆ. ನಾಲ್ಕು ವರ್ಷದ ಹಿಂದೆ ನಾನು ಪೆಟ್ಟಿಗೆ ಹಿಡಿದು ನಿಂತಾಗ, ತಡೆಯುತ್ತಾರೆಂದು ನಾನು ಕಾಯುತ್ತಿದ್ದದ್ದು ತಮ್ಮನ್ನಲ್ಲ, ಅವರನ್ನು. ಅವರು ಜಗಲಿಯಿಂದಲೇ, "ಹೋಪವ್ಳ್ ಹೋಯ್ಲಿ, ದೋಣಿ ಬಿಡ್ ವೆಂಕಟ" ಎಂದಿದ್ದರು. ಆ ಚೆಂದದ ಸಾಲು ನನಗೆ ಹೊಳೆದದ್ದು ಅದನ್ನು ನೆನೆಸಿಕೊಂಡೇ.

ಮೂರನೇ ಕ್ಲಾಸಿನ ಓದಿಗೆ ಉಳಿದೆಲ್ಲ ಮರೆತರೂ ಸ್ವಂತ ಹೆಸರು ಮರೆಯುವುದಿಲ್ಲ. ಭಾನುವಾರ ಹೆಬ್ಬೆಟ್ಟು ಒತ್ತುವ ಮೊದಲು ಅತ್ತಿಗೆ ಹಳೆಯ ಕಾಗದವನ್ನು ಬಿಸಿಲಿಗೆ ಹಿಡಿದು, ಹೆಸರಿನ ಮೇಲೆ ಬೆರಳಾಡಿಸಿ, "ನಿನ್ ಅಕ್ಷರ ಭಾರೀ ಚೆಂದ ಮರಾಯ್ತಿ, ಅದ್ಕೇ ಆಫೀಸ್ನರ್ ನಂಬಿರ್" ಎಂದರು. ಅಷ್ಟೇ. ಸೋಮವಾರ ಆಫೀಸಿನಿಂದ ವಾಪಸು ಬಂದು ಅವರು ದೋಣಿ ಹತ್ತಿದರು. ನಾನು ಕಾಲೆತ್ತಿದೆ. "ಒಬ್ರೇ ಸಾಕ್, ದೋಣಿ ಬಿಡ್" ಎಂದರು. ವೆಂಕಟ ನನ್ನ ಮುಖ ನೋಡದೆ ಹುಟ್ಟು ಹಾಕಿದ.

ಹೀಗಾಗಿ ನನ್ನ ಇಂಕ್ ಪ್ಯಾಡ್ ಅಲ್ಲಿಯೇ, ಮೂರನೇ ಗುಡಿಸಲಿನ ಕಿಟಕಿಯಲ್ಲಿ ಉಳಿದಿದೆ. ಅದಿಲ್ಲದೆ ಇಲ್ಲಿ ಹೆಬ್ಬೆಟ್ಟಿನವರನ್ನೆಲ್ಲ ಲೀಲಾಧರನ ಮೇಜಿಗೆ ಕಳಿಸುತ್ತಿದ್ದೇನೆ. ದಯವಿಟ್ಟು ಬೈಂದೂರು ಬಸ್ಸಿನ ಯಾರ ಕೈಯಲ್ಲಾದರೂ ಕೊಟ್ಟು ಕಳಿಸಿ. ಮುಚ್ಚಳ ಗಟ್ಟಿ ಹಾಕಿ, ಇಲ್ಲದಿದ್ದರೆ ಒಣಗುತ್ತದೆ.