ಸಾಕ್ಷಿಗಳ ಮೆಟ್ಟಿಲಿಗೆ ಬೀಗ

ನ್ಯಾಯಾಲಯ ಕಟ್ಟಡದ ಉಸ್ತುವಾರಿ ಅಧಿಕಾರಿಗಳೇ,

ತಮ್ಮ ಸುಪರ್ದಿನಲ್ಲಿರುವ ಕಟ್ಟಡ ನನ್ನ ತಂಗಿಯ ಗುಟ್ಟನ್ನು ಕೊಲೆ ಆರೋಪಿಯ ಅಣ್ಣನಿಗೆ ತಲುಪಿಸಿದೆ. ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಂಗಡಿಯೆದುರು ನಡೆದ ಆ ಕೊಲೆಯನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ.

ಕಳೆದ ವಿಚಾರಣೆಯ ದಿನ ಗುಮ್ಮಟದ ಕೆಳಗಿನ ದುಂಡು ಹಜಾರದಲ್ಲಿ ಗೋಡೆಗೊರಗಿ ಕೂತಿದ್ದೆವು. ಆರೋಪಿಯ ಅಣ್ಣ ಅರವತ್ತು ಅಡಿ ಆಚೆ, ಎದುರು ಗೋಡೆಯ ಬೆಂಚಿನ ಮೇಲಿದ್ದ. ತಂಗಿ ಗೋಡೆಯ ಕಡೆ ಮುಖ ತಿರುಗಿಸಿ ಪಿಸುಗುಟ್ಟಿದಳು: “ಇವತ್ತಿಂದ ದೊಡ್ಡಮ್ಮನ ಮನೇಲಿ ಇರ್ತೀನಿ ಅಕ್ಕ. ಅಮ್ಮಂಗೂ ಹೇಳ್ಬೇಡ.”

ವಿಚಾರಣೆ ಮುಂದಕ್ಕೆ ಹೋಯಿತು. ಮೆಟ್ಟಿಲಿಳಿಯುವಾಗ ಆ ಅಣ್ಣ ಪಕ್ಕಕ್ಕೆ ಬಂದು ಬಹಳ ಮರ್ಯಾದೆಯಿಂದ ಕೇಳಿದ: “ದೊಡ್ಡಮ್ಮನ ಮನೆಗೆ ಹೊರಟ್ರಾ? ಅವರಿಗೂ ವಯಸ್ಸಾಗಿರ್ಬೇಕು. ಜೋಪಾನ.”

ಅವನಿಗೆ ಹೇಗೆ ಕೇಳಿಸಿತೆಂದು ಬಾಗಿಲಲ್ಲಿದ್ದ ಜವಾನನನ್ನು ಕೇಳಿದೆ. ಆತ ನೀರು ಕೊಟ್ಟು, ಈ ದುಂಡು ಗೋಡೆಯ ಗುಣವೇ ಹಾಗೆ, ಇಲ್ಲಿ ಉಸುರಿದ್ದು ಅಲ್ಲಿ ಕೇಳುತ್ತದೆ, ಶಾಲೆಯ ಮಕ್ಕಳನ್ನು ಕರೆತರುವುದೇ ಇದನ್ನು ತೋರಿಸಲು ಎಂದ. ತಾವು ಶತಮಾನೋತ್ಸವಕ್ಕೆ ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಈ ‘ವಿಸ್ಮಯ’ಕ್ಕೆ ಒಂದೂವರೆ ಪುಟ ಮೀಸಲು. ಹನ್ನೊಂದು ವರ್ಷ ಕಟ್ಟಿದರಂತೆ, ಗಾರೆಯ ನುಣುಪಿಗೆ ಅಮೃತಶಿಲೆಯ ಪುಡಿ ಬೆರೆಸಿದರಂತೆ. ನಾನು ಅಡಿಟಿಪ್ಪಣಿಯನ್ನೂ ಬಿಡದೆ ಓದುವವಳು. ಅದರಲ್ಲಿನ ನಕ್ಷೆಯ ಕೆಳಗಿನ ಒಂದು ಸಾಲು ಹೇಳುವಂತೆ, ಸಾಕ್ಷಿಗಳಿಗೆಂದೇ ಹಿಂಬೀದಿಯಿಂದ ಸಾಕ್ಷಿಕಟ್ಟೆಯ ಪಕ್ಕಕ್ಕೆ ಒಂದು ಕಿರಿಮೆಟ್ಟಿಲಿದೆ. ತನ್ನ ಗೋಡೆ ಚಾಡಿ ಹೇಳುತ್ತದೆಂದು ಕಟ್ಟಿದವನಿಗೆ ಗೊತ್ತಿತ್ತು!

ಇಂದು ಅದಕ್ಕೆ ಬೀಗ. ಒಳಗೆ ಕಾಲು ಮುರಿದ ಕುರ್ಚಿಗಳು. ತೆರೆಯಿರೆಂದು ಕೊಟ್ಟ ಅರ್ಜಿಗೆ ತಮ್ಮ ಉತ್ತರ, ‘ಪಾರಂಪರಿಕ ಕಟ್ಟಡದಲ್ಲಿ ಮಾರ್ಪಾಟು ನಿಷಿದ್ಧ.’ ಇದ್ದ ಬಾಗಿಲನ್ನು ತೆರೆಯುವುದು ಮಾರ್ಪಾಟಾದರೆ, ಮುಚ್ಚಿದ್ದು ಏನು? ಆ ಕುರ್ಚಿಗಳೂ ಪರಂಪರೆಯೇ?

ತಂಗಿಯನ್ನು ಬೇರೆಡೆಗೆ ಕಳಿಸಿದ್ದೇವೆ. ಎಲ್ಲಿಗೆಂದು ತಮಗೂ ಹೇಳಲಾರೆ. ಯಾರಾದರೂ ಬಾಗಿಲು ತಟ್ಟಿದರೆ ದೊಡ್ಡಮ್ಮ ಒಲೆ ಆರಿಸಿ ಉಸಿರು ಬಿಗಿಹಿಡಿದು ಕೂರುತ್ತಾರೆ. ಹಾಲು ತರಲು ಹೋದರೂ ನಾನು ನಾಲ್ಕು ಸಲ ಹಿಂತಿರುಗಿ ನೋಡುತ್ತೇನೆ. ತಂಗಿ ನಿನ್ನೆ ಫೋನಿನಲ್ಲಿ ಹೇಳಿದಳು: “ನೋಡಿದ್ದನ್ನ ಹೇಳೋಕೆ ನಂಗೆ ಭಯ ಇಲ್ಲ ಅಕ್ಕ. ಆ ಬೆಂಚಲ್ಲಿ ಕೂತು ಕಾಯೋಕೆ ಆಗಲ್ಲ.”

ಹತ್ತೊಂಬತ್ತರಂದು ಅವಳನ್ನು ಕರೆದಿದ್ದಾರೆ. ಅಷ್ಟರೊಳಗೆ ಬೀಗ ತೆಗೆಸಿ. ಕೀಲಿ ಕಳೆದಿದ್ದರೆ ಒಡೆಸಿ. ಹಿಂಬಾಗಿಲಿನ ವಿಷಯ ಹೀಗೆ ಬಹಿರಂಗ ಪತ್ರದಲ್ಲಿ ಬರೆದು ಆರೋಪಿಯ ಕಡೆಯವರಿಗೂ ತಿಳಿಸಿದಂತಾಯಿತೆಂದು ಬಲ್ಲೆ. ಆದ್ದರಿಂದ ಅಲ್ಲೊಬ್ಬ ಪೊಲೀಸನನ್ನೂ ನಿಲ್ಲಿಸಿ. ಇಲ್ಲವಾದರೆ ಅವಳು ಬರುವುದಿಲ್ಲ, ನಾನೇ ತಡೆಯುತ್ತೇನೆ. ಆಗ ಆರೋಪಿ ಬಿಡುಗಡೆಯಾಗಿ, ತಾವು ಸುಣ್ಣ ಬಳಿಸಿ ಕಾಪಾಡಿಕೊಂಡು ಬಂದ ಮುಂಬಾಗಿಲಿನಿಂದಲೇ ನಮ್ಮ ಬೀದಿಗೆ ಇಳಿಯುತ್ತಾನೆ.

ಇಂತಿ,
ದನಿ ತಗ್ಗಿಸಿದರೆ ಸಾಕೆಂದುಕೊಂಡಿದ್ದ
ಸಾಕ್ಷಿಯ ಅಕ್ಕ