‘ಪರ್ಸಿ’ ಗ್ರೂಪಿನ ನಾಲ್ಕನೇ ನಿಯಮ

೧೨ ಜೂನ್ ೨೦೦೫, ಭಾನುವಾರ

ಇವತ್ತೂ ಇಂಟರ್‌ನೆಟ್ ಸೆಂಟರಿನಲ್ಲಿ ಎರಡು ಸಲ ಕರೆಂಟ್ ಹೋಯ್ತು. ಆದರೂ ಗ್ರೂಪ್ ಶುರುವಾಯ್ತು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ, ನಮ್ಮ ಶಹಾಬಾದ್ — ಬರೆಯುವವರು, ಚಿತ್ರ ಬಿಡಿಸುವವರು, ಫೋಟೋ ತೆಗೆಯುವವರು, ಒಟ್ಟು ಹನ್ನೊಂದು ಜನ. ಹೆಸರಿಗೇ ಮೂರು ವಾರ ಜಗಳ. ನಮ್ಮ ಕಾಗಿಣಾ ಹೊಳೆ ನೆನೆದು ನಾನು ಕೊಟ್ಟದ್ದು ‘ಕಲಾ ಕಾಗಿಣಾ’. ಸೇಡಂನ ವೃಂದಾ ಮೇಡಂ ನಕ್ಕೇಬಿಟ್ಟರು — ‘ಸರ್, ಸೀರಿ ಅಂಗಡಿ ಹೆಸರು ಆತ್ರಿ ಅದು!’

ಕಡೆಗೆ ದೇವಿಂದ್ರ ‘ಪರ್ಸಿ’ ಅಂದ. ನನ್ನ ಹಳೇ ವಿದ್ಯಾರ್ಥಿ, ಈಗ ಅಂಗಡಿಗಳ ಬೋರ್ಡ್ ಬರೆಯುತ್ತಾನೆ. ‘ಎಲ್ಲಾರ ಮನ್ಯಾಗೂ ಕಾಲ್ ಬುಡಕ ಅದೇ ಕಲ್ಲು ಅದಲ್ರಿ ಸರ್.’ ಅವನ ತಾಯಿ ಭೀಮಬಾಯಿ ಈ ಹಾಸುಗಲ್ಲು ತೆಗೆಯುವ ಪರ್ಸಿ ಖಣಿಯಲ್ಲೇ ಕೂಲಿ. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಹೊಟ್ಟೆಕಿಚ್ಚಾಯ್ತು, ಸುಳ್ಳು ಯಾಕೆ.

೧೯ ಜೂನ್

ನಿಯಮ ಬರೆದು ಹಾಕಿದೆ. ಬಿಟ್ಟರೆ ಇವರು ಒಂದೇ ವಾರದಲ್ಲಿ ಸಂತೆ ಮಾಡಿಡುತ್ತಾರೆ. ಒಂದು — ಸ್ವಂತದ್ದನ್ನೇ ಹಾಕಬೇಕು. ಎರಡು — ಜಾತಿ, ಧರ್ಮ ಎತ್ತಬಾರದು. ಮೂರು — ಎಲ್ಲರಿಗೂ ಸೇರಿ ಇರೋದು ನನ್ನ ಕ್ಯಾಮೆರಾ ಒಂದೇ. ಗ್ರೂಪಿಗೆ ಫೋಟೋ ಏರಿಸಿದ ಕೂಡಲೇ ಮೆಮೊರಿ ಕಾರ್ಡ್ ಖಾಲಿ ಮಾಡಿ ಮುಂದಿನವರಿಗೆ ಕೊಡಬೇಕು. ನಾಲ್ಕು — ಕಲೆ ಮಾತ್ರ. ತಕರಾರು, ರಾಜಕೀಯ, ಖಣಿ-ಕಂಪನಿ ವಿಷಯ ಬೇಡ.

ನಾಲ್ಕನೆಯದಕ್ಕೆ ಮೇಡಂ ಸಿಟ್ಟಾದರು. ‘ಹಂಗಾರ ಏನ್ ಬರೀಬೇಕ್ರಿ? ಬರೇ ಚಂದ್ರ, ಚುಕ್ಕಿ?’ ಇವರಿಗೇನು, ಸೇಡಂನಲ್ಲಿ ಕೂತು ಮಾತಾಡ್ತಾರೆ.

೧೦ ಜುಲೈ

ದೇವಿಂದ್ರ ಖಣಿಯ ಫೋಟೋ ಹಾಕಿದ್ದಾನೆ. ಕಲ್ಲಿನ ಗೋಡೆ, ಮೇಲಿಂದ ಬುಡದ ತನಕ ಸೀಳು. ಕೈ ತೂರುವಷ್ಟು. ಜೊತೆಗೆ ಒಂದು ಸಾಲು — ‘ಇದು ಯಾವಾಗ ಬೀಳ್ತದೋ.’ ಬಹಳ ಹೊತ್ತು ನೋಡಿದೆ. ಏನು ಬೆಳಕು! ನಾನು ಇಪ್ಪತ್ತು ವರ್ಷ ಡ್ರಾಯಿಂಗ್ ಕಲಿಸಿ ಅಂಥದ್ದೊಂದು ತೆಗೆದಿಲ್ಲ. ಆದರೆ ಖಣಿ ಸೇಠರದ್ದು. ಸೇಠರು ನಮ್ಮ ಶಾಲೆ ಕಮಿಟಿಯ ಅಧ್ಯಕ್ಷರು…

ಗ್ರೂಪಿನಿಂದ ತೆಗೆದು ಹಾಕಿದೆ. ನಿಯಮ ನಾಲ್ಕು.

೧೧ ಜುಲೈ

ಮೇಡಂ ಫೋನು. ‘ಎದಕ್ಕ ತೆಗದ್ರಿ ಸರ್? ಯಾರರ ಏನರ ಅಂದ್ರೇನು?’

ಯಾರೂ ಏನೂ ಅಂದಿರಲಿಲ್ಲ. ಅನ್ನುವ ಮೊದಲೇ ತೆಗೆದೆ. ‘ನಿಯಮ ಅಂದ್ರ ನಿಯಮರಿ’ ಅಂತ ಫೋನಿಟ್ಟೆ.

೨೮ ಜುಲೈ

ಹತ್ತರ ಸುಮಾರಿಗೆ ಖಣಿ ಗೋಡೆ ಕುಸಿದಿದೆ. ಸ್ಟಾಫ್ ರೂಮಿಗೆ ಸುದ್ದಿ ಬಂತು. ಮೂವರಿಗೆ ಪೆಟ್ಟು. ಒಬ್ಬಳು ಹೋದಳು. ಭೀಮಬಾಯಿ.

ಮಧ್ಯಾಹ್ನ ಎರಡು ಪೀರಿಯಡ್ ತಗೊಂಡೆ. ಬೋರ್ಡಿನ ಮೇಲೆ ಏನು ಬಿಡಿಸಿದೆನೋ ಗೊತ್ತಿಲ್ಲ.

೩೧ ಜುಲೈ

ದೇವಿಂದ್ರ ಬಂದ. ‘ಸರ್, ಆ ಫೋಟೋ ವಾಪಸ್ ಹಾಕ್ರಿ. ಸೀಳು ಇರ್ಲೇ ಇಲ್ಲ, ಬ್ಯಾಡಂದ್ರೂ ನಿಮ್ಮವ್ವ ಅಲ್ಲೇ ಹೋಗಿ ಕುಂತಾಳ ಅಂತ ಸೇಠರ ಮಂದಿ ಅನ್ಲಿಕತ್ತಾರ.’

ಸೆಂಟರಿಗೆ ಹೋದೆವು. ಒಂದು ಗಂಟೆ ಹುಡುಕಿದೆವು. ತೆಗೆದದ್ದು ತೆಗೆದದ್ದೇ. ಕಾರ್ಡು? ಅವನು ಅವತ್ತೇ ಖಾಲಿ ಮಾಡಿ ಕೊಟ್ಟಿದ್ದ. ಅದರ ಮೇಲೆ ಚಿಂಚೋಳಿಯ ಲಾಲಪ್ಪ ನಲವತ್ತು ನವಿಲು ತೆಗೆದಿದ್ದಾನೆ. ಮೂರನೇ ನಿಯಮ ಸರಿಯಾಗಿ ಪಾಲಿಸಿದವನು ದೇವಿಂದ್ರ ಒಬ್ಬನೇ.

೧೪ ಆಗಸ್ಟ್

ಖಣಿ ಕುಸಿತದ ತನಿಖೆ ವರದಿ ಬಂದಿದೆ. ‘ಕೂಲಿಯ ಅಜಾಗರೂಕತೆ’ ಅಂತ. ಫೋಟೋದಲ್ಲಿ ಸೀಳು ನೋಡಿದವರೆಲ್ಲ ಸಹಿ ಮಾಡಿ ಅರ್ಜಿ ಕೊಡೋಣ ಅಂತ ಮೇಡಂ ಗ್ರೂಪಿನಲ್ಲಿ ಬರೆದರು. ಮೂವರು ಮಾಡಿದರು. ಆಮೇಲೆ ನನಗೆ ಫೋನು — ‘ಗ್ರೂಪಿನಿಂದ ಆ ಫೋಟೋ ತೆಗೆದವ್ರು ನೀವು. ನಿಮ್ಮ ಸಹಿ ಇಲ್ದಿದ್ರ ಯಾರ್ ನಂಬ್ತಾರ್ರಿ?’ ಜ್ವರ ಅಂದೆ. ಜ್ವರ ಇಲ್ಲ. ಹೇಡಿ ನಾನು. ಈ ಡೈರಿಯಲ್ಲಾದರೂ ನಿಜ ಬರೆದಿಡುತ್ತೇನೆ.

೨೧ ಆಗಸ್ಟ್, ಸಂಜೆ

ದೇವಿಂದ್ರ ಮತ್ತೆ ಬಂದ. ಅರ್ಜಿ ತಂದಿರಬೇಕು ಅಂತ ಒಳಗೇ ಕೂತೆ. ಮನೆಯವಳು ಚಹಾ ಕೊಟ್ಟು ಕೂರಿಸಿದಳು, ಹೊರಗೆ ಬರಲೇಬೇಕಾಯ್ತು. ಅರ್ಜಿ ಇರಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಸರ್, ಅವ್ವಂದು ಮನ್ಯಾಗ ಒಂದೂ ಫೋಟೋ ಇಲ್ರಿ. ಆ ಖಣಿ ಫೋಟೋದಾಗಷ್ಟೇ ಇದ್ಳು. ಗ್ವಾಡಿ ಬುಡಕ ಕುಂತಿದ್ಳಲ್ರಿ… ನನ್ನ ಕಡೆ ನೋಡಿ ನಗ್ಲಿಕತ್ತಿದ್ಳು. ನನಗ ಬರೇ ಅಕ್ಷರ ಬರೀಲಿಕ್ಕ ಬರ್ತದ, ಮಾರಿ-ಮುಖ ಬರಂಗಿಲ್ಲ. ನೀವು ಆ ಫೋಟೋ ಭಾಳೊತ್ತು ನೋಡೀರಿ. ನೀವರ ಅವ್ವನ ಚಿತ್ರ ಬರದು ಕೊಡ್ರಿ ಸರ್.’

ಹೂಂ ಅಂದೆ.

ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ಭೀಮಬಾಯಿಯನ್ನು ನಾನು ಎದುರಿಗೆ ಎಂದೂ ಕಂಡವನಲ್ಲ. ಗೋಡೆ ಬಂತು. ಸೀಳು ಬಂತು, ಸೊಟ್ಟ ಸಮೇತ. ಬೆಳಕು ಕೂಡ ಬಂತು. ಬುಡದಲ್ಲಿ ಎಡಕ್ಕೋ, ಬಲಕ್ಕೋ… ಸೆರಗು ತಲೆ ಮೇಲಿತ್ತೇನು… ಮುಖ